ಅಜ್ಜನ ಕ್ಷೌರದ ಬ್ರಷ್ಷು

ಗಂಡಸರ ಕ್ಷೌರದ ಸಾಮಾನಿನ ಬಗ್ಗೆ ಹೆಂಗಸೊಬ್ಬಳು ಬರೆಯಲು ಹೊರಟರೆ ಕೆಲವರಿಗೆ ನಗು ಬರಬಹುದು. ಆದರೆ ಗಂಡಸರ ಸಾಮಾನು ಎನ್ನಿಸಿಕೊಂಡ ಎಷ್ಟು ವಸ್ತುಗಳನ್ನು ತೊಳೆದು, ಒಣಗಿಸಿ, ಎತ್ತಿಟ್ಟು, ಕೇಳಿದ ಕೂಡಲೇ ಹುಡುಕಿ ಕೈಗೆ ಕೊಟ್ಟವರು ಹೆಂಗಸರಲ್ಲ, ಹೇಳಿ? ಕನ್ನಡಕದ ಗೂಡು, ಛತ್ರಿ, ನಶ್ಯದ ಡಬ್ಬಿ, ಜನಿವಾರದ ಉಂಡೆ ಎಲ್ಲಿದೆ ಎಂದು ಅವುಗಳ ಯಜಮಾನರಿಗೆ ಗೊತ್ತಿದ್ದ ಮನೆಯನ್ನು ನಾನಂತೂ ಕಂಡಿಲ್ಲ. ಆದ್ದರಿಂದ ಒಂದು ಹಳೆಯ ಕ್ಷೌರದ ಬ್ರಷ್ಷನ್ನು ಏನು ಮಾಡಬೇಕು ಎನ್ನುವ ಪ್ರಶ್ನೆ ಕೊನೆಗೆ ನನ್ನ ತಲೆಗೇ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ತವರುಮನೆ ಪಾಲಾದಾಗ ಬೆಳ್ಳಿ ಬಂಗಾರ, ಗದ್ದೆ ತೋಟಗಳ ಲೆಕ್ಕವೆಲ್ಲ ಮುಗಿದ ಮೇಲೆ ಅಟ್ಟದ ಮೇಲಿದ್ದ ಒಂದು ತಗಡಿನ ಟ್ರಂಕು ಉಳಿಯಿತು. ಯಾರಿಗೂ ಬೇಡವಾದದ್ದು ಹೆಣ್ಣುಮಗಳಿಗೆ ಎನ್ನುವ ಹಳೆಯ ನ್ಯಾಯದಂತೆ ಅದು ನನಗೆ ಬಂತು. ಅದರೊಳಗೆ ಅಜ್ಜನ ಕಾಗದ ಪತ್ರಗಳ ನಡುವೆ, ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿಟ್ಟ ಬ್ರಷ್ಷು. ಹಿಡಿ ಹಳದಿಗೆ ತಿರುಗಿದ ದಂತದ ಬಣ್ಣದ್ದು, ಹೆಬ್ಬೆರಳು ಕೂರುವ ಕಡೆ ಸ್ವಲ್ಪ ಸವೆದಿದೆ. ಕೂದಲಿನ ಕುಚ್ಚು ಅರ್ಧ ಉದುರಿ, ಉಳಿದದ್ದು ಒಂದು ಕಡೆಗೆ ವಾಲಿದೆ. ಹಿಡಿಯ ಬುಡದಲ್ಲಿ ತಯಾರಿಸಿದವರ ಹೆಸರಿಲ್ಲ. ನನ್ನ ಮಗನಿಗೆ ಮಾತ್ರ ಅದನ್ನು ಕಂಡ ಕೂಡಲೇ ನಿಧಿ ಸಿಕ್ಕಷ್ಟು ಸಂತೋಷ. ಈಗಿನ ಹುಡುಗರಲ್ಲಿ ಕೆಲವರಿಗೆ ಡಬ್ಬಿಯ ನೊರೆ ಬೇಸರವಾಗಿ, ಬಟ್ಟಲಿನಲ್ಲಿ ಸೋಪು ಕಲಸಿ ಬ್ರಷ್ಷಿನಿಂದ ಹಚ್ಚಿಕೊಂಡು ನಿಧಾನವಾಗಿ ಕ್ಷೌರ ಮಾಡಿಕೊಳ್ಳುವ ಹುಚ್ಚು ಹಿಡಿದಿದೆಯಲ್ಲ, ಅವನೂ ಆ ಪಂಗಡದವನು. "ಅಮ್ಮ, ಚೆನ್ನಾಗಿ ತೊಳೆದು ಹೀಗೇ ಉಪಯೋಗಿಸ್ತೀನಿ. ಆಗದಿದ್ದರೆ ಹಿಡಿ ಕಳಿಸಿಕೊಟ್ಟರೆ ಹೊಸ ಕುಚ್ಚು ಕೂರಿಸಿ, ಪಾಲಿಷ್ ಮಾಡಿ ಕೊಡುವವರಿದ್ದಾರೆ" ಎಂದ. ಯುದ್ಧಕ್ಕೆ ಹೋಗಿ ಬಂದ ಮುತ್ತಜ್ಜನ ಬ್ರಷ್ಷಿನಲ್ಲಿ ಮರಿಮಗ ಕ್ಷೌರ ಮಾಡಿಕೊಳ್ಳುವುದೆಂದರೆ ಅದೊಂದು ವಂಶಪಾರಂಪರ್ಯವಂತೆ. ಸ್ವಲ್ಪ ತಡಿ, ಮೊದಲು ಇದು ಏನೆಂದು ತಿಳಿದುಕೊಳ್ಳೋಣ ಎಂದು ನಾನು ಅದನ್ನು ನನ್ನ ಬೀರುವಿಗೆ ಸೇರಿಸಿದೆ.

ನಮ್ಮ ಕಡೆಯ ಕ್ಷೌರದಲ್ಲಿ ಬ್ರಷ್ಷಿಗೆ ಸ್ಥಾನವೇ ಇರಲಿಲ್ಲ. ಕ್ಷೌರಿಕ ಸಣ್ಣ ಬಟ್ಟಲಿನ ನೀರನ್ನು ಗಡ್ಡಕ್ಕೆ ಹಚ್ಚಿ, ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಕೂದಲನ್ನು ಮೆತ್ತಗೆ ಮಾಡಿ, ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಎಳೆದು ಕೆಲಸ ಮುಗಿಸುತ್ತಿದ್ದ. ನೊರೆ ಎಬ್ಬಿಸುವ ಬ್ರಷ್ಷು ಯೂರೋಪಿನಿಂದ ಬಂದದ್ದು. ಅಲ್ಲಿ ಇದಕ್ಕೆ ಅತ್ಯುತ್ತಮವೆಂದು ಹೆಸರಾದದ್ದು ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲು. ನಮ್ಮ ಕಾಡಿನ ತರಕರಡಿಗೆ ಅದು ದೂರದ ನೆಂಟ. ಫ್ರೆಂಚರ ಭಾಷೆಯಲ್ಲಿ ಆ ಪ್ರಾಣಿಗೂ ಕ್ಷೌರದ ಬ್ರಷ್ಷಿಗೂ ಇವತ್ತಿಗೂ ಒಂದೇ ಹೆಸರು, ಬ್ಲೆರೊ. ಆ ಕೂದಲು ಬುಡದಲ್ಲಿ ಬಿಳಿ, ನಡುವೆ ಕಪ್ಪು ಪಟ್ಟೆ, ತುದಿಯಲ್ಲಿ ಮತ್ತೆ ಬಿಳಿ. ನೀರನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ, ತುದಿ ಸೂಕ್ಷ್ಮವಾಗಿರುವುದರಿಂದ ಕೆನ್ನೆಗೆ ಚುಚ್ಚುವುದಿಲ್ಲ. ಅದರ ಬೆಲೆಯೂ ಹಾಗೆಯೇ. ಅದು ಕೈಗೆಟುಕದವರಿಗೆ ಹಂದಿಯ ಕೂದಲಿನದು, ಇನ್ನೂ ಕಡಿಮೆಗೆ ಕುದುರೆಯ ಕೂದಲಿನದು. ಹಂದಿಕೂದಲಿನ ವ್ಯಾಪಾರಕ್ಕೆ ಬ್ರಿಟಿಷರ ಕಾಲದಲ್ಲಿ ನಮ್ಮ ಕಾನ್ಪುರ ಹೆಸರಾಗಿತ್ತು.

ನಮ್ಮೂರು ಹಾಸನ ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ಕ್ಷೌರಿಕನೂ ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲಿನ ಆಯ ಅಳೆದು ಕೊಟ್ಟುಬಿಟ್ಟರೆ ವರ್ಷವೆಲ್ಲ ಮನೆಬಾಗಿಲಿಗೆ ಬಂದು ಕೆಲಸ ಮಾಡಬೇಕು. ಜಗಲಿಯ ಕೆಳಗೆ ಅವನು ಕುಕ್ಕುರುಗಾಲಿನಲ್ಲಿ ಕೂರುತ್ತಿದ್ದ, ಮನೆಯ ಗಂಡಸರು ಒಬ್ಬೊಬ್ಬರಾಗಿ ಅವನೆದುರಿಗೆ. ದಿನವಂತೂ ನೋಡಲೇಬೇಕು. ಮಂಗಳವಾರ, ಶುಕ್ರವಾರ, ಶನಿವಾರ ಕೂಡದು, ಏಕಾದಶಿ, ಅಮಾವಾಸ್ಯೆ ಕೂಡದು, ಜನ್ಮನಕ್ಷತ್ರ ಕೂಡದು. ಇಷ್ಟೆಲ್ಲ ಕಳೆದು ಉಳಿದ ದಿನ ಕ್ಷೌರವಾದರೆ ಮನೆಯ ಯಾವುದನ್ನೂ ಮುಟ್ಟದೆ ನೇರವಾಗಿ ಬಚ್ಚಲಿಗೆ. ಒಬ್ಬ ಮನುಷ್ಯ ತನ್ನ ಕತ್ತನ್ನು ಇನ್ನೊಬ್ಬನ ಕೈಯ ಕತ್ತಿಗೆ ಒಪ್ಪಿಸಿ ಕಣ್ಣು ಮುಚ್ಚಿ ಕೂರುತ್ತಾನೆ, ಆಮೇಲೆ ಆ ಕೈ ಮುಟ್ಟಿದ್ದಕ್ಕೆ ಸ್ನಾನ ಮಾಡುತ್ತಾನೆ. ನಮ್ಮ ಹಿರಿಯರ ಲೆಕ್ಕಾಚಾರ ನನಗೆ ಅರ್ಥವಾಗದ ಜಾಗಗಳಲ್ಲಿ ಇದೂ ಒಂದು.

ಆ ಜಗಲಿಯಿಂದ ಎದ್ದು ಹೋದ ಅಜ್ಜ ತಲುಪಿದ್ದು ಈಜಿಪ್ಟನ್ನು. ಮೊದಲನೆಯ ಮಹಾಯುದ್ಧ ಶುರುವಾದ ವರ್ಷ, 1914ರ ಅಕ್ಟೋಬರಿನಲ್ಲಿ, ಮೈಸೂರು ಸಂಸ್ಥಾನದ ಕುದುರೆ ಸವಾರರ ದಂಡು, ಅಂದರೆ ಮೈಸೂರು ಲ್ಯಾನ್ಸರ್ಸ್, ಬೊಂಬಾಯಿಯಲ್ಲಿ ಹಡಗು ಹತ್ತಿತು. ಸೂಯೆಜ್ ಕಾಲುವೆಯ ಕಾವಲು, ಆಮೇಲೆ ಪ್ಯಾಲೆಸ್ಟೈನ್. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೂ ಇವರೂ ಸೇರಿ ಈಟಿ ಹಿಡಿದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದುಕೊಂಡದ್ದು ಇತಿಹಾಸದಲ್ಲಿ ಸೇರಿದೆ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಕಡೆ ಹೋದರೆ ಆ ದಂಡಿನ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಸವಾರರಲ್ಲಿ ಒಬ್ಬ ಮೈಸೂರಿನವನು. ನನ್ನ ಮಗ ಇದನ್ನೆಲ್ಲ ಓದಿಕೊಂಡಿದ್ದಾನೆ. ಆದರೆ ನಮ್ಮ ಅಜ್ಜ ಈಟಿ ಹಿಡಿದವರಲ್ಲ. ದಂಡಿನ ಹುರುಳಿ, ಹುಲ್ಲು, ಲಾಳಗಳ ಲೆಕ್ಕ ಬರೆಯಲು ತಡವಾಗಿ ಹೋಗಿ ಸೇರಿಕೊಂಡ ಗುಮಾಸ್ತರು. ಇಂಗ್ಲಿಷ್ ಬರುತ್ತಿತ್ತು, ಮನೆಯಲ್ಲಿ ಸಾಲವಿತ್ತು. ಈ ಎರಡಕ್ಕಿಂತ ಹೆಚ್ಚಿನ ದೇಶಾಭಿಮಾನ ಅವರಿಗಿತ್ತೆಂದು ಅಜ್ಜಿ ಯಾವತ್ತೂ ಹೇಳಲಿಲ್ಲ.

ದಂಡಿನಲ್ಲಿ ಮುಖದ ಕೂದಲಿಗೂ ಕಾಯಿದೆಯಿತ್ತು. ಬ್ರಿಟಿಷ್ ಸೈನಿಕ ಮೀಸೆ ಬಿಡಲೇಬೇಕೆಂಬ ನಿಯಮ 1916ರ ತನಕ ಇತ್ತು, ಆ ವರ್ಷದ ಅಕ್ಟೋಬರಿನಲ್ಲಿ ಅದನ್ನು ತೆಗೆದುಹಾಕಿದರು. ವಿಷದ ಗಾಳಿಗೆ ಮುಖವಾಡ ಹಾಕಿಕೊಳ್ಳಬೇಕಾಗಿ ಬಂದದ್ದರಿಂದ ಗಡ್ಡಕ್ಕಂತೂ ಅವಕಾಶವೇ ಇಲ್ಲ. ಅಮೆರಿಕದ ಗಿಲೆಟ್ ಕಂಪನಿ ತನ್ನ ಸೇಫ್ಟಿ ರೇಜರನ್ನು ಮಾರಲು ಶುರುಮಾಡಿದ 1903ರಲ್ಲಿ ಇಡೀ ವರ್ಷಕ್ಕೆ ಮಾರಾಟವಾದದ್ದು 51 ರೇಜರು. ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಆ ಸರ್ಕಾರ ಸೈನಿಕರಿಗಾಗಿ ಕೊಂಡದ್ದು ಸುಮಾರು 35 ಲಕ್ಷ. ಯುದ್ಧ ಮುಗಿದು ಮನೆಗೆ ಮರಳಿದವರು ಆ ಅಭ್ಯಾಸವನ್ನೂ ಜೊತೆಗೆ ತಂದರು. ದಿನಾ ಬೆಳಿಗ್ಗೆ ಕನ್ನಡಿಯ ಎದುರು ನಿಂತು, ತನ್ನ ಮುಖವನ್ನು ತಾನೇ ಕೆರೆದುಕೊಳ್ಳುವ ಗಂಡಸು ಈ ಯುದ್ಧದ ಸೃಷ್ಟಿ ಎಂದರೆ ಹೆಚ್ಚೇನೂ ತಪ್ಪಾಗದು.

ಅಜ್ಜನೂ ಹಾಗೆಯೇ ಬಂದರು. ದಂಡು 1920ರಲ್ಲಿ ಹಿಂತಿರುಗಿತು. ಟ್ರಂಕಿನಲ್ಲಿ ಒಂದು ರೇಜರು, ಒಂದು ತಗಡಿನ ಬಟ್ಟಲು, ಮತ್ತು ಸೂಯೆಜಿನ ಅಂಗಡಿಯಲ್ಲಿ ದುಬಾರಿ ಬೆಲೆ ಕೊಟ್ಟು ಕೊಂಡ ಈ "ಬ್ಯಾಜರು ಕೂದಲಿನ ಬ್ರಷ್ಷು". ಸಮುದ್ರ ದಾಟಿದ್ದಕ್ಕೆ ಪ್ರಾಯಶ್ಚಿತ್ತವಾಗಬೇಕಿತ್ತು. ಆಯಿತು. ಊರ ಕ್ಷೌರಿಕನನ್ನೇ ಕರೆಸಿ ತಲೆ ಬೋಳಿಸಿ, ಪಂಚಗವ್ಯ ಕುಡಿಸಿ, ಹೋಮ ಮಾಡಿಸಿ ಒಳಗೆ ಸೇರಿಸಿಕೊಂಡರು. ಮಾರನೆಯ ದಿನ ಬೆಳಿಗ್ಗೆ ಎದ್ದವರೇ ಹಿತ್ತಲ ಬಾಗಿಲಿನ ಚೌಕಟ್ಟಿಗೆ ಕನ್ನಡಿ ನೇತುಹಾಕಿ ನೊರೆ ಹಚ್ಚಿಕೊಂಡರಂತೆ. ಅವತ್ತು ಶುಕ್ರವಾರ. ಮನೆಯಲ್ಲಿ ದೊಡ್ಡ ರಂಪವೇ ಆಯಿತು. ಅಜ್ಜ ಮಾತ್ರ ದಿನ ವಾರ ಯಾವುದನ್ನೂ ನೋಡಲಿಲ್ಲ. "ನನ್ನ ಮುಖ, ನನ್ನ ಕೈ" ಎಂದರಂತೆ. ಈ ಮಾತು ನಮ್ಮ ಮನೆಯಲ್ಲಿ ಗಾದೆಯ ಹಾಗೆ ಉಳಿದುಕೊಂಡಿತ್ತು.

ಅಜ್ಜಿಗೆ ಇದರಿಂದಾದದ್ದು ಇಷ್ಟೇ: ಮೊದಲು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಇದ್ದ ಕ್ಷೌರದ ಬಿಸಿನೀರು ಈಗ ದಿನಾ ಆಯಿತು. ಬಚ್ಚಲ ಒಲೆಗೆ ಅರ್ಧ ಗಂಟೆ ಮುಂಚೆ ಬೆಂಕಿ. ಬ್ರಷ್ಷನ್ನು ತೊಳೆದು ನೀರು ಕೊಡವಿ ಬಿಸಿಲು ತಾಗದ ಕಡೆ ಒಣಗಲು ಇಡುವುದೂ ಅವರದೇ ಕೆಲಸ. ಅದರ ಹಿಡಿ ಎಲುಬಿನದು ಎಂದು ಅಜ್ಜಿಗೆ ಗಟ್ಟಿ ನಂಬಿಕೆ. ಆದ್ದರಿಂದ ಮಡಿಯುಡುವ ಮೊದಲೇ ಆ ಕೆಲಸ ಮುಗಿಸಿಬಿಡುತ್ತಿದ್ದರು. ಬ್ರಷ್ಷಿಗೆ ಮನೆಯೊಳಗೆ ಪ್ರವೇಶವಿರಲಿಲ್ಲ, ಹಿತ್ತಲ ಗೋಡೆಯ ಗೂಡೇ ಅದರ ಜಾಗ. ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯ ಸೋಪು ಮಾತ್ರ, ಗಂಧದ ಎಣ್ಣೆಯದಾದ್ದರಿಂದ, ಒಳಗೆ ಬರಬಹುದಿತ್ತು.

ಪಾಪ, ಅಜ್ಜಿಯ ಅನುಮಾನ ನಿಜವಲ್ಲ. ಈಚೆಗೆ ನಾನು ಹಿಡಿಯನ್ನು ಹೆಬ್ಬೆರಳಿನಿಂದ ಬೆಚ್ಚಗಾಗುವಂತೆ ಉಜ್ಜಿ ಮೂಸಿ ನೋಡಿದೆ. ಕರ್ಪೂರದ ವಾಸನೆ! ಎಲುಬೂ ಅಲ್ಲ, ದಂತವೂ ಅಲ್ಲ, ಸೆಲ್ಯುಲಾಯ್ಡ್. ಬಿಲಿಯರ್ಡ್ಸ್ ಚೆಂಡಿಗಾಗಿ ಆನೆಗಳನ್ನು ಕೊಲ್ಲುವುದು ದುಬಾರಿಯಾಗುತ್ತಿದ್ದ ಕಾಲದಲ್ಲಿ, 1870ರ ಆಸುಪಾಸು, ಅಮೆರಿಕದ ಜಾನ್ ವೆಸ್ಲಿ ಹಯಟ್ ಎನ್ನುವವನು ಹತ್ತಿಯ ನಾರಿನಿಂದಾದ ನೈಟ್ರೋಸೆಲ್ಯುಲೋಸನ್ನು ಕರ್ಪೂರದ ಜೊತೆ ಸೇರಿಸಿ ಮಾಡಿದ ವಸ್ತು ಇದು. ಬಾಚಣಿಗೆ, ಗುಂಡಿ, ಬೊಂಬೆ, ಸಿನಿಮಾದ ರೀಲು, ಎಲ್ಲವನ್ನೂ ಇದರಿಂದ ಮಾಡಿದರು. ದಂತದ ನಾರು ಕಾಣುವಂತೆ ಗೆರೆ ಗೆರೆಯಾಗಿಯೂ ಮಾಡುತ್ತಿದ್ದರು. ಅದಕ್ಕೆ ಬೇಕಾದ ಕರ್ಪೂರ ಬಹುಪಾಲು ತೈವಾನಿನ ಮರಗಳದು, ಅದರ ಮೇಲೆ ಆಗ ಜಪಾನ್ ಸರ್ಕಾರದ ಏಕಸ್ವಾಮ್ಯ. ದೇವರಿಗೆ ಬೆಳಗುವ ಕರ್ಪೂರವೇ ಅಜ್ಜನ ಬ್ರಷ್ಷಿನ ಹಿಡಿಯಲ್ಲಿತ್ತು ಎಂದು ಅಜ್ಜಿಗೆ ಗೊತ್ತಾಗಿದ್ದರೆ ಏನನ್ನುತ್ತಿದ್ದರೋ.

ಹಿಡಿಯ ಸುಳ್ಳು ಬಯಲಾಯಿತು. ಕೂದಲಿನದು ಬಯಲಾಗುವುದು ಬಾಕಿಯಿತ್ತು.

ನನ್ನ ತಂಗಿಯ ಮಗಳು ವೈದ್ಯೆ. ಬ್ರಷ್ಷಿನ ವಿಷಯ ಕೇಳಿದವಳೇ, "ದೊಡ್ಡಮ್ಮ, ಅವನು ಅದನ್ನು ಮುಖಕ್ಕೆ ತಾಗಿಸುವ ಮೊದಲು ಇದನ್ನು ಓದಿ" ಎಂದು ಒಂದು ಲೇಖನ ಕಳಿಸಿದಳು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವೈದ್ಯಕೀಯ ಪತ್ರಿಕೆಯಲ್ಲಿ 2017ರಲ್ಲಿ ಬಂದದ್ದು. ಹಳೆಯ ಬ್ರಷ್ಷುಗಳ ಮೋಹ ಮತ್ತೆ ಶುರುವಾಗಿರುವುದರಿಂದಲೇ ಬರೆದದ್ದಂತೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಸೈನಿಕರಿಗೂ ಸಾಮಾನ್ಯರಿಗೂ ಇದ್ದಕ್ಕಿದ್ದಂತೆ ಆಂಥ್ರಾಕ್ಸ್ ಕಾಣಿಸಿಕೊಂಡಿತು. ನಮ್ಮ ಹಳ್ಳಿಗಳಲ್ಲಿ ದನ ಕುರಿಗಳಿಗೆ ಬರುವ ನೆರಡಿ ರೋಗವೇ ಅದು. ಕುರಿ ಮೇಯಿಸುವವನಿಗೆ, ಚರ್ಮ ಹದ ಮಾಡುವವನಿಗೆ, ಉಣ್ಣೆ ಬಿಡಿಸುವವನಿಗೆ ಬರಬೇಕಾದ ರೋಗ ದನದ ಮುಖವನ್ನೇ ನೋಡದ ಸಿಪಾಯಿಗೆ ಹೇಗೆ ಬಂತು? ಅದೂ ಕೆನ್ನೆ, ಗದ್ದ, ಕುತ್ತಿಗೆಯ ಮೇಲೆ ಮೊದಲು ಒಂದು ಸಣ್ಣ ಗುಳ್ಳೆ, ಆಮೇಲೆ ನಡುವೆ ಇದ್ದಿಲಿನಂಥ ಕಪ್ಪು ಹಕ್ಕಳೆ, ಸುತ್ತಲೂ ಊತ. ಗ್ರೀಕ್ ಭಾಷೆಯಲ್ಲಿ ಆಂಥ್ರಾಕ್ಸ್ ಎಂದರೆ ಇದ್ದಿಲೆಂದೇ ಅರ್ಥ. ಪೆನ್ಸಿಲಿನ್ ಇನ್ನೂ ಬಂದಿರದ ಕಾಲ. ವಿಚಾರಿಸುತ್ತ ಹೋದಾಗ ಸಿಕ್ಕಿಬಿದ್ದದ್ದು ಹೊಸ ಕ್ಷೌರದ ಬ್ರಷ್ಷು. ಇಂಥ ಪ್ರಕರಣಗಳು ಒಟ್ಟು ಇನ್ನೂರಕ್ಕೂ ಹೆಚ್ಚು, ಅದರಲ್ಲಿ ಹೆಚ್ಚಿನವರು ಅಮೆರಿಕದ ಸೈನಿಕರು. ಹಲವರು ಸತ್ತರು.

ಕಾರಣ ವ್ಯಾಪಾರದ್ದು. ಯುದ್ಧಕ್ಕೆ ಮೊದಲು ಏಷ್ಯಾದ ಕೂದಲು ಯೂರೋಪಿನ ಮೂಲಕ ಹಾದುಹೋಗುವಾಗ ಅಲ್ಲಿ ಅದನ್ನು ಶುದ್ಧಿ ಮಾಡುತ್ತಿದ್ದರು. ಯುದ್ಧ ಬಂದು ಆ ದಾರಿ ಮುಚ್ಚಿತು. ಬ್ಯಾಡ್ಜರ್ ಕೂದಲಿಗೂ ಅಭಾವ ಬಂತು. ಬ್ರಷ್ಷಿನ ಬೇಡಿಕೆಯೋ, ಲಕ್ಷ ಲಕ್ಷ ಸಿಪಾಯಿಗಳದು. ಆಗ ಚೀನಾ, ಸೈಬೀರಿಯಾ, ಜಪಾನುಗಳ ಕಡೆಯಿಂದ ಅಗ್ಗದ ಕುದುರೆ ಕೂದಲು ತರಿಸಿ, ಅದಕ್ಕೆ ಬಣ್ಣ ಹಾಕಿ, ನಡುವೆ ಕಪ್ಪು ಪಟ್ಟೆ ಎಳೆದು ಬ್ಯಾಡ್ಜರಿನ ವೇಷ ತೊಡಿಸಿದರು. ಶುದ್ಧಿ ಮಾಡಿದವರು ಕೆಲವರು, ಮಾಡದವರು ಕೆಲವರು. ಬ್ರಿಟನ್ನಿನಲ್ಲಿ 1919ರಲ್ಲಿ ಆಂಥ್ರಾಕ್ಸ್ ತಡೆ ಕಾಯಿದೆ ಬಂತು, ಮಾರನೆಯ ವರ್ಷ ಜಪಾನಿನ ಬ್ರಷ್ಷುಗಳ ಆಮದನ್ನೇ ನಿಲ್ಲಿಸಿದರು. 1920 ಎಂದರೆ ಅಜ್ಜ ತಮ್ಮ ಬ್ರಷ್ಷನ್ನು ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಬಂದ ವರ್ಷ.

ಓದಿ ಮುಗಿಸಿ, ಪಂಚಾಂಗ ನೋಡಲು ಇಟ್ಟುಕೊಂಡಿರುವ ಭೂತಗನ್ನಡಿ ತಂದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೂದಲನ್ನು ಕೆದಕದೆ, ಹೊರಗಿನಿಂದಲೇ ನೋಡಿದೆ. ಬ್ಯಾಡ್ಜರ್ ಕೂದಲಿನ ಪಟ್ಟೆ ಹುಟ್ಟಿನಿಂದ ಬಂದದ್ದು, ಕೂದಲಿಂದ ಕೂದಲಿಗೆ ಸ್ವಲ್ಪ ಮೇಲೆ ಕೆಳಗೆ ಇರುತ್ತದೆ. ಇದರ ಪಟ್ಟೆ ಸ್ಕೇಲಿಟ್ಟು ಎಳೆದಷ್ಟು ನೇರ. ಒಳಗಿನ ಸಾಲಿನಲ್ಲಿ ಬಣ್ಣ ಸರಿಯಾಗಿ ಇಳಿದೇ ಇಲ್ಲ. ಎಳೆ ಬುಡದಿಂದ ತುದಿಯವರೆಗೂ ಒಂದೇ ದಪ್ಪ, ತುದಿ ಮೊಂಡು. ನಾನು ತಜ್ಞೆಯಲ್ಲ, ಆದರೆ ಅರವತ್ತು ವರ್ಷದಿಂದ ಜಡೆ ಹೆಣೆದವಳಿಗೆ ಕೂದಲಿನ ಬಗ್ಗೆ ಅಷ್ಟು ತಿಳಿಯದೆ? ಸೂಯೆಜಿನ ಅಂಗಡಿಯವನು ಅಜ್ಜನಿಗೆ ಬ್ಯಾಡ್ಜರಿನ ದುಡ್ಡು ತೆಗೆದುಕೊಂಡು ಕುದುರೆಯ ಬಾಲ ಕೊಟ್ಟಿದ್ದ. ಐದು ಸಾವಿರ ಕುದುರೆಗಳ ನಡುವೆ ಹುಲ್ಲಿನ ಲೆಕ್ಕ ಬರೆದುಕೊಂಡಿದ್ದವರಿಗೆ ಇದು ಗೊತ್ತಾಗಲಿಲ್ಲವಲ್ಲ ಎಂದು ನನಗೆ ನಗು ಬಂತು. ಐದು ಸಾವಿರ ಎಂದದ್ದು ಅಜ್ಜಿಯ ಲೆಕ್ಕ, ನಂಬಬೇಡಿ.

ಮಗ ಸುಲಭವಾಗಿ ಸೋಲುವವನಲ್ಲ. "ಮುತ್ತಜ್ಜ ಹದಿನೈದು ವರ್ಷ ಇದರಲ್ಲೇ ನೊರೆ ಹಚ್ಚಿಕೊಂಡರು, ಏನೂ ಆಗಲಿಲ್ಲವಲ್ಲ?" ಎಂದ. ಅದೂ ನಿಜ. ಅಜ್ಜ 1936ರ ಸುಮಾರಿಗೆ ಕೂದಲು ಉದುರತೊಡಗಿದ ಮೇಲೆ ಇದನ್ನು ಬಿಟ್ಟು ಬೇರೆ ಕೊಂಡರು, 1971ರಲ್ಲಿ ವಯಸ್ಸಾಗಿ ತೀರಿಕೊಂಡರು. ವಿಷವಿದ್ದಿದ್ದರೆ ಮೊದಲ ತಿಂಗಳಲ್ಲೇ ಗೊತ್ತಾಗುತ್ತಿತ್ತು ಎಂದು ವೈದ್ಯೆಯೂ ಒಪ್ಪಿದಳು. ಅಪಾಯ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಸೊನ್ನೆಯಲ್ಲ ಎನ್ನುವುದು ಅವಳ ಮಾತು. ಈ ರೋಗಾಣು ಬೀಜದಂಥ ಗಟ್ಟಿ ಕವಚದೊಳಗೆ ಅಡಗಿ ಕೂರುತ್ತದೆ, ಅದಕ್ಕೆ ಕಾಲದ ಪರಿವೆ ಇಲ್ಲ. 1942ರಲ್ಲಿ ಸ್ಕಾಟ್ಲೆಂಡಿನ ಗ್ರೂಯಿನಾರ್ಡ್ ಎಂಬ ಪುಟ್ಟ ದ್ವೀಪದಲ್ಲಿ ಬ್ರಿಟಿಷರು ಇದನ್ನು ಯುದ್ಧಾಸ್ತ್ರವಾಗಿ ಕುರಿಗಳ ಮೇಲೆ ಪರೀಕ್ಷೆ ಮಾಡಿದರು. ದ್ವೀಪವಿಡೀ ಫಾರ್ಮಾಲ್ಡಿಹೈಡ್ ಸುರಿದು, ಇನ್ನು ಕಾಲಿಡಬಹುದು ಎಂದು ಹೇಳಿದ್ದು 1990ರಲ್ಲಿ. ಒಂದು ಕುದಿ ಕುದಿಸಿ ತೆಗೆಯುವುದಕ್ಕೆ, ಶ್ಯಾಂಪೂ ಹಾಕಿ ತೊಳೆಯುವುದಕ್ಕೆ ಸಾಯುವ ಜೀವ ಅದಲ್ಲ. ಮೇಲಾಗಿ ಕುದಿಯುವ ನೀರಿಗೆ ಹಾಕಿದರೆ ಸೆಲ್ಯುಲಾಯ್ಡ್ ಮೆತ್ತಗಾಗಿ ಹಿಡಿಯೇ ಸೊಟ್ಟಗಾಗುತ್ತದೆ.

ಸರಿ, ಕುಚ್ಚನ್ನು ಬದಲಾಯಿಸೋಣವೆಂದರೆ? ಹೊಸ ಕುಚ್ಚು ಕೂರಿಸುವವರು ಹಳೆಯದನ್ನು ಬುಡಕ್ಕೆ ಕತ್ತರಿಸಿ, ಉಳಿದದ್ದನ್ನು ಅಂಟಿನ ಸಮೇತ ಡ್ರಿಲ್ಲಿನಿಂದ ಕೊರೆದು ತೆಗೆಯುತ್ತಾರೆ. ಕೊರೆದರೆ ಪುಡಿ ಏಳುತ್ತದೆ. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡಿನಲ್ಲಿ ಉಣ್ಣೆ ಬಿಡಿಸುವ ಕೂಲಿಗಳು ಹಿಂದಿನ ಶತಮಾನಗಳಲ್ಲಿ ಸತ್ತದ್ದು ಈ ರೋಗಾಣುವಿನ ಧೂಳನ್ನು ಉಸಿರಾಡಿಯೇ. ಚರ್ಮಕ್ಕೆ ತಗುಲಿದ ನೆರಡಿಗಿಂತ ಶ್ವಾಸಕೋಶಕ್ಕೆ ಇಳಿದದ್ದು ಎಷ್ಟೋ ಪಾಲು ಕ್ರೂರ. ಅಪಾಯ ಸೊನ್ನೆಗೆ ಹತ್ತಿರವೇ ಇರಲಿ, ಅದನ್ನು ಯಾರೋ ಗೊತ್ತಿಲ್ಲದ ಕೆಲಸಗಾರನ ಮೂಗಿಗೆ ಪೋಸ್ಟ್ ಮಾಡುವುದು ಯಾವ ನ್ಯಾಯ? ಸಾಲದ್ದಕ್ಕೆ ಸೆಲ್ಯುಲಾಯ್ಡ್ ಸುಲಭವಾಗಿ ಬೆಂಕಿ ಹಿಡಿಯುವ ವಸ್ತು, ಡ್ರಿಲ್ಲಿನ ಕಾವು ಅದಕ್ಕೆ ಒಳ್ಳೆಯದಲ್ಲ. ಹಳೆಯದನ್ನು ಹೊಸದು ಮಾಡುವ ಉತ್ಸಾಹದಲ್ಲಿರುವವರು ಈ ಎರಡು ಮಾತನ್ನು ನೆನಪಿಡುವುದು ಮೇಲು. ಮರದ ಹಿಡಿಯೋ ಗಟ್ಟಿ ಬೇಕಲೈಟಿನ ಹಿಡಿಯೋ ಆಗಿದ್ದು, 1950ರ ಈಚಿನ ಬ್ರಷ್ಷಾಗಿದ್ದರೆ ನಾನು ಖಂಡಿತ ಬೇಡವೆನ್ನುತ್ತಿರಲಿಲ್ಲ. ವಸ್ತುವಿರುವುದು ಬಳಸುವುದಕ್ಕೇ. ನನ್ನ ಅತ್ತೆಯವರ ಒರಳಿನಲ್ಲಿ ನಾನು ಇವತ್ತಿಗೂ ಚಟ್ನಿ ರುಬ್ಬುತ್ತೇನೆ.

ಆದರೆ ಈ ಕುಚ್ಚನ್ನು ಕಿತ್ತುಹಾಕಲು ನನಗೆ ಮನಸ್ಸಿಲ್ಲದಿರುವುದಕ್ಕೆ ರೋಗದ ಭಯಕ್ಕಿಂತ ದೊಡ್ಡ ಕಾರಣ ಬೇರೆಯಿದೆ. ಅದನ್ನು ಮಗನಿಗೆ ಹೇಳಬೇಕಾದರೆ ಅತ್ತಜ್ಜಿಯ ವಿಷಯ ಹೇಳಬೇಕಾಯಿತು.

ಅತ್ತಜ್ಜಿ ಎಂದರೆ ಅಜ್ಜನ ಅಕ್ಕ. ಹತ್ತನೆಯ ವಯಸ್ಸಿಗೆ ಮದುವೆ, ಹದಿಮೂರಕ್ಕೆ ಗಂಡ ಹೋದ. ಕೆಂಪು ಸೀರೆ ಉಡಿಸಿ, ತಲೆ ಬೋಳಿಸಿ ಹಿತ್ತಲ ಕಡೆಯ ಕೋಣೆ ಕೊಟ್ಟರು. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದವರಿಗೆ, ಪ್ರೇಮಾ ಕಾರಂತರು ಅದರಿಂದ ತೆಗೆದ ಸಿನಿಮಾ ನೋಡಿದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಜಗಲಿಯಲ್ಲಿ ಗಂಡಸರ ಕ್ಷೌರ ಮುಗಿದ ಮೇಲೆ ಅದೇ ಕ್ಷೌರಿಕ ಅದೇ ಕತ್ತಿಯೊಡನೆ ಮನೆ ಬಳಸಿಕೊಂಡು ಹಿತ್ತಲಿಗೆ ಬರುತ್ತಿದ್ದ. ಬಾವಿಯ ಆಚೆ, ಹುಣಸೆ ಮರದ ಕೆಳಗೆ ಅತ್ತಜ್ಜಿ ತಲೆ ತಗ್ಗಿಸಿ ಕೂರುತ್ತಿದ್ದರು. ಆ ಹೊತ್ತಿಗೆ ಮಕ್ಕಳು ಯಾರೂ ಹಿತ್ತಲ ಕಡೆ ಹೋಗಬಾರದು. ಅವನೂ ಒಂದು ಮಾತು ಆಡುತ್ತಿರಲಿಲ್ಲವಂತೆ.

ಅಜ್ಜ ಬ್ರಷ್ಷು ತಂದ ಮೇಲೆ ಮನೆಯ ಉಳಿದ ಗಂಡಸರೂ ಒಬ್ಬೊಬ್ಬರಾಗಿ ಸ್ವಂತ ಕ್ಷೌರ ಕಲಿತರು. ತಲೆಕೂದಲಿಗೆ ಪೇಟೆಯ ಸಲೂನಿಗೆ ಹೋಗತೊಡಗಿದರು. ಜಗಲಿಯ ಕೆಳಗಿನ ಜಾಗ ಖಾಲಿಯಾಯಿತು. ಕ್ಷೌರಿಕ ಈಗ ಬರುತ್ತಿದ್ದದ್ದು ಒಬ್ಬರಿಗೋಸ್ಕರ ಮಾತ್ರ. ಮೊದಲು ಗಂಡಸರ ಕ್ಷೌರದ ಗಲಾಟೆಯ ಮರೆಯಲ್ಲಿ ಆಗಿಹೋಗುತ್ತಿದ್ದದ್ದು ಈಗ ಬಯಲಿಗೆ ಬಂತು. ಅವನು ಊರೊಳಗೆ ಕಾಣಿಸಿಕೊಂಡರೆ ಯಾರ ತಲೆಗೆ ಬಂದಿದ್ದಾನೆಂದು ಇಡೀ ಕೇರಿಗೆ ತಿಳಿಯುತ್ತಿತ್ತು. "ನನ್ನ ಮುಖ, ನನ್ನ ಕೈ" ಎಂದ ಅಜ್ಜ ಹಿತ್ತಲ ಬಾಗಿಲಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು ನೊರೆ ಹಚ್ಚುವಾಗ, ಆ ಕನ್ನಡಿಯಲ್ಲಿ ಬಾವಿಯೂ ಹುಣಸೆ ಮರವೂ ಕಾಣುತ್ತಿದ್ದಿರಲೇಬೇಕು. ಬಾಗಿಲು ಇರುವುದೇ ಆ ದಿಕ್ಕಿಗೆ. ಹದಿನೈದು ವರ್ಷ ಅವರು ಏನೂ ಅನ್ನಲಿಲ್ಲ. ಅಜ್ಜ ಕೆಟ್ಟವರಲ್ಲ. ಅಕ್ಕನಿಗೆ ಊಟ ಬಡಿಸದೆ ತಾವು ಕೂತವರಲ್ಲ. ಕಾಶಿಗೆ ಕರೆದುಕೊಂಡು ಹೋಗಿದ್ದರು. ಸಮುದ್ರ ದಾಟುವ ಧೈರ್ಯವಿತ್ತು, ಶುಕ್ರವಾರ ಕ್ಷೌರ ಮಾಡಿಕೊಳ್ಳುವ ಧೈರ್ಯವೂ ಇತ್ತು.

ಕೊನೆಗೆ ಅದನ್ನು ನಿಲ್ಲಿಸಿದ್ದು ಆ ಕ್ಷೌರಿಕನ ಮಗ. ಅಪ್ಪನಿಗೆ ವಯಸ್ಸಾದ ಮೇಲೆ, 1938ರ ಸುಮಾರಿಗೆ, ಅವನು ಪೇಟೆಯಲ್ಲಿ ಅಂಗಡಿ ಇಟ್ಟ. ಹೇಳಿಕಳಿಸಿದಾಗ ಬಂದು, ಅಂಗಳದಲ್ಲಿ ನಿಂತು, "ಬೇಕಾದರೆ ಆಯ ನಿಲ್ಲಿಸಿಬಿಡಿ ಬುದ್ಧಿ, ಹೆಣ್ಣುಮಕ್ಕಳ ತಲೆಗೆ ನಾನು ಕತ್ತಿ ಇಡಲ್ಲ" ಎಂದನಂತೆ. ಅವನಿಗೆ ಈ ಮಾತು ಎಲ್ಲಿಂದ ಬಂತು ಎಂದು ಅಜ್ಜಿಗೆ ಆಶ್ಚರ್ಯ. ಅವನಿಗಿಂತ ಐವತ್ತು ವರ್ಷ ಮೊದಲೇ ಬೇರೊಂದು ಊರಿನಲ್ಲಿ ಆ ಮಾತು ಹುಟ್ಟಿತ್ತು. 1890ರಲ್ಲಿ ಮುಂಬಯಿಯಲ್ಲಿ ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ನೂರಾರು ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವ ಕೆಲಸ ಇನ್ನು ಮಾಡುವುದಿಲ್ಲವೆಂದು ತೀರ್ಮಾನಿಸಿದ್ದರು. ನಮ್ಮ ಸುಧಾರಣೆಯ ಚರಿತ್ರೆಯಲ್ಲಿ ಭಾಷಣ ಮಾಡಿದವರ ಹೆಸರುಗಳಿವೆ. ಕತ್ತಿ ಕೆಳಗಿಟ್ಟವರಿಗೆ ಅಲ್ಲಿ ಒಂದೋ ಎರಡೋ ಸಾಲು.

ಅತ್ತಜ್ಜಿಯ ಕೂದಲು ಬೆಳೆಯಿತು. ನಲವತ್ತೆಂಟನೆಯ ವಯಸ್ಸಿನಲ್ಲಿ, ಅರ್ಧ ಕಪ್ಪು ಅರ್ಧ ಬಿಳಿ. ಮಠದವರು ಕೂದಲಿರುವ ವಿಧವೆಗೆ ತೀರ್ಥ ಕೊಡುವುದಿಲ್ಲವೆಂದರು. ಅತ್ತಜ್ಜಿ ತೀರ್ಥಕ್ಕೆ ಹೋಗುವುದನ್ನೇ ಬಿಟ್ಟರು. ನಾನು ಕಂಡದ್ದು ಅವರ ಕೊನೆಯ ವರ್ಷಗಳನ್ನು. 1967ರಲ್ಲಿ ಹೋದರು, ಆಗ ನನಗೆ ಹತ್ತು ವರ್ಷ. ಕತ್ತಿನ ತನಕ ಇಳಿಯುತ್ತಿದ್ದ ಬೆಳ್ಳನೆಯ ಕೂದಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬಾಚಲು ನನ್ನನ್ನು ಕರೆಯುತ್ತಿದ್ದರು. ಬಾಚಣಿಗೆಯಲ್ಲಿ ಬಂದ ಒಂದೊಂದು ಎಳೆಯನ್ನೂ ಸುತ್ತಿ ಗೋಡೆಯ ಗೂಡಿನಲ್ಲಿಡುತ್ತಿದ್ದ ಅವರ ಜೋಪಾನ ನನಗೆ ಆಗ ತಮಾಷೆಯಾಗಿ ಕಾಣುತ್ತಿತ್ತು. ಅಜ್ಜನ ಬ್ರಷ್ಷು ಮೊದಲು ಇರುತ್ತಿದ್ದದ್ದು ಅದೇ ಗೂಡಿನಲ್ಲಿ.

ಮಗ ಇದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಹಾಗಾದರೆ ಏನು ಮಾಡ್ತೀರಿ?" ಎಂದ. ನಾನು ಮಾಡಿದ್ದು ಇಷ್ಟು. ತೊಳೆಯಲಿಲ್ಲ, ಬಾಚಲಿಲ್ಲ, ಪಾಲಿಷ್ ಹಾಕಲಿಲ್ಲ. ಮೊದಲು ಗಾಜಿನ ಬಾಟಲಿಯಲ್ಲಿಟ್ಟು ಬಿಗಿಯಾಗಿ ಮುಚ್ಚಳ ಹಾಕೋಣವೆಂದುಕೊಂಡಿದ್ದೆ. ಆದರೆ ಸೆಲ್ಯುಲಾಯ್ಡಿಗೆ ಗಾಳಿಯಾಡಬೇಕು. ಮುಚ್ಚಿಟ್ಟರೆ ತನ್ನೊಳಗಿಂದ ಹೊರಡುವ ಆಮ್ಲದ ಆವಿಯಲ್ಲಿ ತಾನೇ ಕೊಳೆಯುತ್ತದೆ, ಪಕ್ಕದ ಲೋಹವನ್ನೂ ತಿನ್ನುತ್ತದೆ. ಆದ್ದರಿಂದ ಕೂದಲಿನ ಭಾಗಕ್ಕೆ ಮಾತ್ರ ಕಾಗದದ ಟೊಪ್ಪಿಗೆ ಮಾಡಿ ಬಿಗಿಯಾಗಿ ಕಟ್ಟಿ, ಹಿಡಿಯನ್ನು ಬಿಟ್ಟು, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟೆ. ಅಡುಗೆಮನೆಯಿಂದ, ದೇವರ ದೀಪದಿಂದ ದೂರ, ತಂಪಾದ ಕಡೆ. ಮುಟ್ಟಿದ ಮೇಲೆ ಕೈ ತೊಳೆದುಕೊಂಡೆ. ಮಗನಿಗೆ ಕೃತಕ ನಾರಿನ ಹೊಸ ಬ್ರಷ್ಷು ಕೊಡಿಸಿದೆ. ನೊರೆ ಚೆನ್ನಾಗಿಯೇ ಬರುತ್ತದಂತೆ. ಬೆಳಿಗ್ಗೆ ನೀರು ತಾನೇ ಕಾಯಿಸಿಕೊಳ್ಳುತ್ತಾನೆ, ಬ್ರಷ್ಷನ್ನೂ ತಾನೇ ತೊಳೆಯುತ್ತಾನೆ.

ಡಬ್ಬಿಯ ಮೇಲೆ ಚೀಟಿ ಅಂಟಿಸಬೇಕಿತ್ತು. ನಾಳೆ ಯಾರ ಕೈಗೆ ಸಿಗುತ್ತದೋ. "ಕುದುರೆ ಕೂದಲು, ಬಣ್ಣ ಹಾಕಿದ್ದು. ಸೆಲ್ಯುಲಾಯ್ಡ್ ಹಿಡಿ. ಸೂಯೆಜಿನಲ್ಲಿ ಕೊಂಡದ್ದು, 1920ರಲ್ಲಿ ಊರಿಗೆ ಬಂದದ್ದು. ತೊಳೆಯಬಾರದು, ಕೊರೆಯಬಾರದು, ಬೆಂಕಿಯ ಹತ್ತಿರ ಇಡಬಾರದು" ಎಂದು ಬರೆಯುವಷ್ಟರಲ್ಲಿ ಜಾಗ ತುಂಬಿತು. ಅತ್ತಜ್ಜಿಯ ಹೆಸರನ್ನೂ, ಹೆಸರು ಯಾರಿಗೂ ನೆನಪಿಲ್ಲದ ಆ ಕ್ಷೌರಿಕನ ಮಗ ಹೇಳಿದ ಮಾತನ್ನೂ ಇನ್ನೊಂದು ಕಾಗದದಲ್ಲಿ ಬರೆದು ಮಡಿಸಿ ಡಬ್ಬಿಯ ಒಳಗಿಟ್ಟೆ.